ಹಾಳೂರಿಗೆ ಒಕ್ಕಲು ತರುವ ಬಗೆ: ಒಂದು ವಿಮರ್ಶೆ

೧

'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆಯನ್ನು ನಾವು ಬಹುಮಟ್ಟಿಗೆ ಪರಿಹಾಸಕ್ಕಾಗಿಯೇ ಬಳಸುತ್ತೇವೆ. ಎಲ್ಲರೂ ಬಿಟ್ಟುಹೋದ ಮೇಲೆ ಉಳಿದವನ ದೊಡ್ಡಸ್ತಿಕೆಗೆ ಏನು ಬೆಲೆ ಎಂಬುದು ಅದರ ಧ್ವನಿ. ಆದರೆ ಆ ಗಾದೆಯಲ್ಲಿ ಇನ್ನೊಂದು ಅರ್ಥಕ್ಕೂ ಎಡೆಯುಂಟು. ಹಾಳಾದ ಊರು ಮತ್ತೆ ಊರಾಗಬೇಕಾದರೆ, ಹೊಸದಾಗಿ ಬಂದವನಿಗೆ ನೀರು ಎಲ್ಲಿದೆ, ಎಲ್ಲೆ ಯಾವುದು, ಯಾರ ಮಾತನ್ನು ನಂಬಬಹುದು ಎಂಬುದನ್ನು ಹೇಳಬಲ್ಲವನು ಆ ಉಳಿದವನೊಬ್ಬನೇ. ಈ ಎರಡನೆಯ ಅರ್ಥದಲ್ಲಿ ಅವನು ನಿಜವಾಗಿಯೂ ಗೌಡನೇ ಸರಿ. ಕ್ಷೀಣಿಸುತ್ತಿರುವ ನಗರಕ್ಕೆ ಹೊಸ ನಿವಾಸಿಗಳನ್ನು ಆಕರ್ಷಿಸುವುದು ಹೇಗೆ ಎಂಬ ವಿಷಯವಾಗಿ ಕಳೆದ ಅರ್ಧ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಪಾಶ್ಚಾತ್ಯ ವಿದ್ವಾಂಸರು ನಡೆಸಿರುವ ಚರ್ಚೆಯನ್ನು ಓದುವಾಗ, ಅವರಲ್ಲಿ ಅನೇಕರು ಗಾದೆಯ ಮೊದಲನೆಯ ಅರ್ಥದಲ್ಲಿಯೇ ನಿಂತುಬಿಟ್ಟಿದ್ದಾರೆ ಎನಿಸುತ್ತದೆ. ಆ ಚರ್ಚೆಯ ಮುಖ್ಯ ಮತಗಳನ್ನು ಅಮೇರಿಕೆಯ ಡೆಟ್ರಾಯಿಟ್ ನಗರದ ಚರಿತ್ರೆಗೆ ಒರೆಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ಶಬ್ದವನ್ನು ನಿಶ್ಚಯಿಸಿಕೊಳ್ಳೋಣ. ಇಂಗ್ಲಿಷಿನಲ್ಲಿ ಬರೆಯುವವರು ನಿವಾಸಿ ಎನ್ನುವ ಕಡೆ ನಮ್ಮಲ್ಲಿ 'ಒಕ್ಕಲು' ಎಂಬ ಹಳೆಯ ಮಾತಿದೆ. ಒಕ್ಕಲು ಎಂದರೆ ತಲೆಯೆಣಿಕೆಯಲ್ಲ. ಮನೆ, ಮನೆತನ, ದುಡಿಮೆ, ತೆರಿಗೆ, ನೆರೆಹೊರೆ ಇವೆಲ್ಲ ಕೂಡಿದ ಒಂದು ನೆಲೆ. 'ಒಕ್ಕಲಾಗು' ಎಂಬುದಕ್ಕೆ ಬೇರೂರುವುದು ಎಂಬ ಅರ್ಥವಿದ್ದರೆ, 'ಒಕ್ಕಲೆಬ್ಬಿಸು' ಎಂಬುದಕ್ಕೆ ಬೇರು ಕೀಳುವುದು ಎಂಬ ಅರ್ಥ. ನಗರಕ್ಕೆ ಜನ ಬರುವುದು ಒಂದು, ಒಕ್ಕಲು ಬರುವುದು ಇನ್ನೊಂದು. ಈ ವಿವೇಚನೆ ಮುಂದಿನ ವಾದಕ್ಕೆಲ್ಲ ಆಧಾರ.

ಇನ್ನೊಂದು ಎಚ್ಚರವೂ ಬೇಕು. ಜನಸಂಖ್ಯೆ ಇಳಿಯಿತೆಂದ ಮಾತ್ರಕ್ಕೆ ನಗರ ಕ್ಷೀಣಿಸಿತೆಂದು ಹೇಳಲಾಗದು. ನಾವು ಬಾಳುತ್ತಿರುವ ಈ ಮುಂಬಯಿಯನ್ನೇ ನೋಡಬಹುದು. ೨೦೦೧ರ ಜನಗಣತಿಯಲ್ಲಿ ದ್ವೀಪನಗರದ, ಎಂದರೆ ಮುಂಬಯಿ ಜಿಲ್ಲೆಯ, ಜನಸಂಖ್ಯೆ ೩೩,೩೮,೦೩೧ ಇದ್ದದ್ದು ೨೦೧೧ರಲ್ಲಿ ೩೦,೮೫,೪೧೧ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಗಿರಣಗಾಂವಿನ ಗಿರಣಿಗಳ ನೆಲದ ಮೇಲೆ ಗಗನಚುಂಬಿ ಮಂದಿರಗಳು ಎದ್ದವು. ನೆಲದ ಬೆಲೆ ಇಳಿಯಲಿಲ್ಲ, ಏರಿತು. ಇಲ್ಲಿ ಜನ ಕಡಿಮೆಯಾದದ್ದು ಊರು ಯಾರಿಗೂ ಬೇಡವಾದ್ದರಿಂದಲ್ಲ, ಹಲವರಿಗೆ ಎಟುಕದಂತಾದ್ದರಿಂದ. ಡೆಟ್ರಾಯಿಟಿನಲ್ಲಿ ನಡೆದದ್ದು ಇದರ ವಿಪರ್ಯಾಯ. ಅಲ್ಲಿ ಮನೆ ಎಲ್ಲರಿಗೂ ಎಟುಕುವಂತಿತ್ತು, ಬೇಕೆನ್ನುವವರೇ ಇರಲಿಲ್ಲ. ಎರಡು ವ್ಯಾಧಿಗಳಿಗೆ ಒಂದೇ ಔಷಧವನ್ನು ಹೇಳುವ ವೈದ್ಯನನ್ನು ನಾವು ನಂಬಲಾರೆವು.

೨

ಡೆಟ್ರಾಯಿಟಿನ ಏಳುಬೀಳುಗಳ ಅಂಕಿಗಳು ಕಣ್ಣಿಗೆ ಹೊಡೆಯುವಂಥವು. ೧೯೧೦ರಲ್ಲಿ ಅಲ್ಲಿ ೪,೬೫,೭೬೬ ಜನರಿದ್ದರು. ಹೆನ್ರಿ ಫೋರ್ಡರು ೧೯೧೩ರಲ್ಲಿ ಚಲಿಸುವ ಜೋಡಣೆಯ ಸಾಲನ್ನು ಆರಂಭಿಸಿ, ೧೯೧೪ರಲ್ಲಿ ದಿನಕ್ಕೆ ಐದು ಡಾಲರು ಕೂಲಿಯೆಂದು ಸಾರಿದರು. ೧೯೩೦ರ ಹೊತ್ತಿಗೆ ನಗರದ ಜನಸಂಖ್ಯೆ ೧೫,೬೮,೬೬೨ಕ್ಕೆ ಏರಿತ್ತು. ೧೯೫೦ರಲ್ಲಿ ಅದು ೧೮,೪೯,೫೬೮ನ್ನು ಮುಟ್ಟಿತು. ಅಲ್ಲಿಂದ ಮುಂದೆ ಇಳಿತ. ೨೦೦೦ದಲ್ಲಿ ೯,೫೧,೨೭೦, ೨೦೧೦ರಲ್ಲಿ ೭,೧೩,೭೭೭, ೨೦೨೦ರಲ್ಲಿ ೬,೩೯,೧೧೧. ಎಪ್ಪತ್ತು ವರ್ಷಗಳಲ್ಲಿ ಮೂವರಲ್ಲಿ ಇಬ್ಬರು ಕಡಿಮೆಯಾದರು. ಆದರೆ ನಗರದ ವಿಸ್ತಾರ ಹಿಂದಿನಂತೆಯೇ ಉಳಿಯಿತು: ಸುಮಾರು ೧೩೯ ಚದರ ಮೈಲಿ. ಹದಿನೆಂಟು ಲಕ್ಷ ಜನರಿಗಾಗಿ ಹಾಸಿದ ರಸ್ತೆ, ನೀರಿನ ಕೊಳವೆ, ಬೀದಿದೀಪಗಳನ್ನು ಆರೂವರೆ ಲಕ್ಷ ಜನರ ಕಂದಾಯದಿಂದ ಸಾಗಿಸಬೇಕಾದ ದುಃಸ್ಥಿತಿ ಇದು. ೨೦೧೩ರ ಜುಲೈಯಲ್ಲಿ ನಗರಸಭೆಯ ಪರವಾಗಿ ದಿವಾಳಿ ಅರ್ಜಿ ಸಲ್ಲಿಕೆಯಾದಾಗ ಅದರ ಋಣಭಾರವನ್ನು ಸುಮಾರು ೧,೮೦೦ ಕೋಟಿ ಡಾಲರು ಎಂದು ಎಣಿಸಿದ್ದರು.

ಈ ಪತನಕ್ಕೆ ೧೯೬೭ರ ದಂಗೆಯೇ ಕಾರಣವೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಇತಿಹಾಸಕಾರ ಥಾಮಸ್ ಸುಗ್ರೂ ಅವರು ೧೯೯೬ರ ತಮ್ಮ ಗ್ರಂಥದಲ್ಲಿ ಈ ನಂಬಿಕೆಯನ್ನು ಬುಡಮೇಲು ಮಾಡಿದರು. ೧೯೪೭ರಿಂದ ೧೯೬೩ರವರೆಗೆ ಡೆಟ್ರಾಯಿಟ್ ೧,೩೪,೦೦೦ ಕಾರಖಾನೆಯ ಕೆಲಸಗಳನ್ನು ಕಳೆದುಕೊಂಡಿತ್ತೆಂದು ಅವರು ತೋರಿಸಿದ್ದಾರೆ. ಕಾರಖಾನೆಗಳು ಉಪನಗರಗಳಿಗೂ ದೂರದ ರಾಜ್ಯಗಳಿಗೂ ಸರಿಯುತ್ತಿದ್ದವು. ಯಂತ್ರಗಳು ಕೈಗಳ ಸ್ಥಾನವನ್ನು ಆಕ್ರಮಿಸುತ್ತಿದ್ದವು. ಅದೇ ಹೊತ್ತಿಗೆ ದಕ್ಷಿಣದ ರಾಜ್ಯಗಳಿಂದ ಕೆಲಸ ಅರಸಿ ಬಂದ ಕರಿಯ ಜನರಿಗೆ ಕೆಲಸವೂ ಮನೆಯೂ ದುರ್ಲಭವಾಗಿದ್ದವು. ಬೆಂಕಿ ಕಾಣಿಸಿಕೊಂಡದ್ದು ೧೯೬೭ರಲ್ಲಿ. ಸೌದೆ ಒಣಗತೊಡಗಿದ್ದು ಅದಕ್ಕೆ ಇಪ್ಪತ್ತು ವರ್ಷ ಮೊದಲು. ಕಾರಣವನ್ನು ತಪ್ಪಾಗಿ ಗ್ರಹಿಸಿದವರು ಪರಿಹಾರವನ್ನೂ ತಪ್ಪಾಗಿಯೇ ಹೇಳುವರಾದ್ದರಿಂದ ಸುಗ್ರೂ ಅವರ ಈ ನಿರ್ಣಯ ನಮಗೆ ಮುಖ್ಯವಾಗುತ್ತದೆ. ಗಲಭೆಯ ಹೆದರಿಕೆಯೇ ರೋಗವಾಗಿದ್ದರೆ ನಗರದ ಕೀರ್ತಿಯನ್ನು ಬೆಳಗಿಸಿದರೆ ಸಾಕಾಗುತ್ತಿತ್ತು. ರೋಗ ಅದಾಗಿರಲಿಲ್ಲ.

೩

ಕೀರ್ತಿಯನ್ನು ಬೆಳಗಿಸುವ ಪ್ರಯತ್ನ ಮೊದಲು ನಡೆದದ್ದು ಕಟ್ಟಡಗಳ ಮೂಲಕ. ಎರಡನೆಯ ಹೆನ್ರಿ ಫೋರ್ಡರ ಮುಂದಾಳುತನದಲ್ಲಿ ನದಿಯ ದಡದಲ್ಲಿ 'ರಿನೇಸಾನ್ಸ್ ಸೆಂಟರ್' ಎಂಬ ಗೋಪುರಸಮೂಹ ಎದ್ದು ೧೯೭೭ರಲ್ಲಿ ಬಾಗಿಲು ತೆರೆಯಿತು. ಪುನರುಜ್ಜೀವನವೆಂಬ ಅದರ ಹೆಸರೇ ಅದರ ಆಶೆಯನ್ನು ಸಾರುತ್ತದೆ. ೧೯೮೭ರಲ್ಲಿ ಪೇಟೆಯ ನಡುವೆ ಸುಮಾರು ಮೂರು ಮೈಲಿಯ ಸುತ್ತಿನಲ್ಲಿ ಎತ್ತರದ ಕಂಬಗಳ ಮೇಲೆ ಓಡುವ ರೈಲು ಬಂತು. ಜನ ಇಳಿಯುತ್ತಿದ್ದ ಊರಿನಲ್ಲಿ ಕಚೇರಿಯ ಕೋಣೆಗಳೂ ರೈಲಿನ ಆಸನಗಳೂ ಏರಿದವು.

ಇವೆರಡೂ ಕೇವಲ ಹಣದ ಹಾನಿ ಎನ್ನಬಹುದು. ೧೯೮೧ರ ಪೋಲ್‌ಟೌನ್ ಪ್ರಕರಣ ಅದಕ್ಕಿಂತ ಘೋರವಾದದ್ದು. ಜನರಲ್ ಮೋಟರ್ಸ್ ಕಂಪನಿಯ ಹೊಸ ಕಾರಖಾನೆಗೆ ನೆಲ ಒದಗಿಸುವುದಕ್ಕಾಗಿ ನಗರಸಭೆ ಒಂದು ಇಡೀ ಕೇರಿಯನ್ನು ವಶಪಡಿಸಿಕೊಂಡು ಸುಮಾರು ೪,೨೦೦ ಮಂದಿಯನ್ನು ಒಕ್ಕಲೆಬ್ಬಿಸಿತು. ಮನೆಗಳ ಜೊತೆಗೆ ಅಂಗಡಿ, ಚರ್ಚು, ಆಸ್ಪತ್ರೆಗಳೂ ನೆಲಸಮವಾದವು. ಮಿಷಿಗನ್ ರಾಜ್ಯದ ಪರಮೋಚ್ಚ ನ್ಯಾಯಾಲಯ ೧೯೮೧ರಲ್ಲಿ ಇದನ್ನು ಎತ್ತಿಹಿಡಿಯಿತು. ೨೦೦೪ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ತನ್ನ ಆ ತೀರ್ಪನ್ನು ತಳ್ಳಿಹಾಕಿತು. ಆದರೆ ಇಪ್ಪತ್ತಮೂರು ವರ್ಷಗಳ ಮೇಲೆ ಬಂದ ನ್ಯಾಯ ಕೆಡವಿದ ಮನೆಯನ್ನು ಕಟ್ಟಿಕೊಡಲಾರದು. ಒಕ್ಕಲು ಸಾಲದೆ ಕೊರಗುತ್ತಿದ್ದ ನಗರವೊಂದು ತನ್ನ ಕೈಯಾರೆ ನಾಲ್ಕು ಸಾವಿರ ಮಂದಿಯ ಒಕ್ಕಲನ್ನು ಕಿತ್ತದ್ದು ನಗರನೀತಿಯ ಚರಿತ್ರೆಯಲ್ಲಿ ಸ್ಮರಣೀಯವಾದ ವಿಪರ್ಯಾಸ.

ಈ ಕಟ್ಟಡಮೋಹವನ್ನು ಅತ್ಯಂತ ತೀಕ್ಷ್ಣವಾಗಿ ಖಂಡಿಸಿದವರು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಗ್ಲೇಸರ್. ಅವರು ಜೋಸೆಫ್ ಗ್ಯುರ್ಕೊ ಅವರೊಡನೆ ೨೦೦೫ರಲ್ಲಿ ಪ್ರಕಟಿಸಿದ ಪ್ರಬಂಧವೂ ೨೦೧೧ರಲ್ಲಿ ಬರೆದ 'ಟ್ರಯಂಫ್ ಆಫ್ ದಿ ಸಿಟಿ' ಎಂಬ ಗ್ರಂಥವೂ ಈ ವಿಷಯದಲ್ಲಿ ಮಹತ್ವದವು. ಅವರ ಮುಖ್ಯ ತತ್ತ್ವ ಸರಳವಾಗಿದೆ. ಮನೆ ಬಾಳಿಕೆ ಬರುವ ವಸ್ತು. ನಗರ ಬೆಳೆಯುವಾಗ ಹೊಸ ಮನೆಗಳನ್ನು ಬೇಗ ಕಟ್ಟಬಹುದು. ನಗರ ಕ್ಷೀಣಿಸುವಾಗ ಇದ್ದ ಮನೆಗಳು ಬೇಗ ಮಾಯವಾಗುವುದಿಲ್ಲ. ಆದಕಾರಣ ನಗರಗಳು ಬೆಳೆಯುವ ವೇಗದಲ್ಲಿ ಕುಗ್ಗುವುದಿಲ್ಲ. ಜನ ಕಡಿಮೆಯಾದಂತೆ ಮನೆಯ ಬೆಲೆ, ಅದನ್ನು ಕಟ್ಟುವ ವೆಚ್ಚಕ್ಕಿಂತಲೂ ಕೆಳಗಿಳಿಯುತ್ತದೆ. ಆ ಅಗ್ಗದ ಮನೆಗಳು ಸಂಪಾದನೆ ಕಡಿಮೆಯಿರುವವರನ್ನು ಸೆಳೆಯುತ್ತವೆ, ಹಿಡಿದಿಡುತ್ತವೆ. ಕಟ್ಟಡ ಈಗಾಗಲೇ ಮಿಗಿಲಾಗಿರುವ ಊರಿನಲ್ಲಿ ಇನ್ನಷ್ಟು ಕಟ್ಟುವುದು ಅವಿವೇಕವೆಂಬುದು ಇದರಿಂದ ತಾನೇ ಸಿದ್ಧವಾಗುತ್ತದೆ.

ಇಷ್ಟರವರೆಗೆ ಗ್ಲೇಸರ್ ಅವರ ಮಾತನ್ನು ನಾವು ತಲೆಬಾಗಿ ಒಪ್ಪಬೇಕು. ಆದರೆ ಅವರು ಇಲ್ಲಿಂದ ಮುಂದೆ ಹೋಗಿ, ಸರ್ಕಾರ ನೆರವು ನೀಡಬೇಕಾದದ್ದು ಬಡ ಜನರಿಗೇ ಹೊರತು ಬಡ ಸ್ಥಳಗಳಿಗಲ್ಲ ಎನ್ನುತ್ತಾರೆ. ಸ್ಥಳಕ್ಕೆ ನೋವಿಲ್ಲ, ಹಸಿವಿಲ್ಲ, ಮನುಷ್ಯನಿಗೆ ಅವೆರಡೂ ಉಂಟು ಎಂಬ ದೃಷ್ಟಿಯಿಂದ ಈ ಮಾತು ಮೇಲ್ನೋಟಕ್ಕೆ ನಿರುತ್ತರವಾಗಿ ಕಾಣುತ್ತದೆ. ಆದರೆ ಅವರದೇ ತತ್ತ್ವವನ್ನು ಅವರಿಗೆ ಎದುರಾಗಿ ಹಿಡಿಯಬಹುದು. ಡೆಟ್ರಾಯಿಟಿನ ಕಾರ್ಮಿಕನೊಬ್ಬ ಮೂವತ್ತು ವರ್ಷ ಕಂತು ತೆತ್ತು ಸಂಪಾದಿಸಿದ್ದು ಏನು? ಒಂದು ಮನೆ. ಅವನ ಉಳಿತಾಯವೆಲ್ಲ ಇಟ್ಟಿಗೆಯ ರೂಪದಲ್ಲಿ ಅಲ್ಲಿಯೇ ನಿಂತಿದೆ. ಊರು ಇಳಿದಾಗ ಆ ಉಳಿತಾಯವೂ ಇಳಿಯಿತು. ಅದನ್ನು ಮಾರಿ ಬೇರೆ ಊರಿನಲ್ಲಿ ಗೂಡು ಕಟ್ಟುವ ಶಕ್ತಿ ಅವನಿಗೆ ಉಳಿಯಲಿಲ್ಲ. ಅಲ್ಲದೆ ಕಷ್ಟಕಾಲದಲ್ಲಿ ಅವನಿಗೆ ಆಸರೆಯಾಗುವ ಅಕ್ಕನ ಮನೆ, ನೆರೆಯ ಮುದುಕಿ, ಪರಿಚಯದ ಅಂಗಡಿಯವನು ಇವರೂ ಆ ಸ್ಥಳದಲ್ಲಿಯೇ ಇದ್ದಾರೆ. ಇವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಏರದ ಆಸ್ತಿಗಳು. ಸ್ಥಳವನ್ನು ಬಿಟ್ಟುಕೊಟ್ಟು ಜನರನ್ನು ಉಳಿಸುತ್ತೇವೆನ್ನುವುದು, ಆ ಜನರ ಆಸ್ತಿಯ ಬಹುಭಾಗವನ್ನು ಬಿಟ್ಟುಕೊಟ್ಟು ಅವರನ್ನು ಉಳಿಸುತ್ತೇವೆಂದಂತೆ. ಜನ ಮತ್ತು ಸ್ಥಳ ಎಂಬ ಭೇದ ತರ್ಕದಲ್ಲಿ ಎಷ್ಟು ಸ್ಪಷ್ಟವೋ ಬಾಳಿನಲ್ಲಿ ಅಷ್ಟೇ ಅಸ್ಪಷ್ಟ.

೪

ಎರಡನೆಯ ಮತ ರಿಚರ್ಡ್ ಫ್ಲಾರಿಡಾ ಅವರದು. ಅವರ 'ದಿ ರೈಸ್ ಆಫ್ ದಿ ಕ್ರಿಯೇಟಿವ್ ಕ್ಲಾಸ್' ೨೦೦೨ರಲ್ಲಿ ಹೊರಬಂದು ನಗರಸಭೆಗಳ ಮೇಲೆ ವಿಶೇಷ ಪ್ರಭಾವ ಬೀರಿತು. ತಂತ್ರಜ್ಞಾನ, ಪ್ರತಿಭೆ, ಸಹಿಷ್ಣುತೆ ಎಂಬ ಮೂರು ಗುಣಗಳಿರುವ ನಗರಕ್ಕೆ ಸೃಜನಶೀಲ ವರ್ಗ ಬರುತ್ತದೆ. ಆ ವರ್ಗ ಬಂದಲ್ಲಿಗೆ ಉದ್ಯೋಗವೂ ಸಂಪತ್ತೂ ಹಿಂಬಾಲಿಸುತ್ತವೆ ಎಂಬುದು ಅವರ ಪ್ರತಿಪಾದನೆ. ಹಿಂದೆ ಕೆಲಸವಿದ್ದಲ್ಲಿಗೆ ಜನ ಹೋಗುತ್ತಿದ್ದರು. ಈಗ ಜನರಿದ್ದಲ್ಲಿಗೆ ಕೆಲಸ ಬರುತ್ತದೆ ಎಂಬ ಈ ತಿರುವುಮುರುವಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಬೆಂಗಳೂರಿನ ಈಚಿನ ಬೆಳವಣಿಗೆಯನ್ನು ಕಂಡವರು ಇದನ್ನು ಪೂರ್ಣವಾಗಿ ಅಲ್ಲಗಳೆಯಲಾರರು.

ಮಿಷಿಗನ್ ರಾಜ್ಯದ ಗವರ್ನರರಾಗಿದ್ದ ಜೆನಿಫರ್ ಗ್ರಾನ್‌ಹೋಮ್ ಅವರು ೨೦೦೩ರಲ್ಲಿ 'ಕೂಲ್ ಸಿಟೀಸ್' ಎಂಬ ಯೋಜನೆಯನ್ನು ಆರಂಭಿಸಿದ್ದು ಈ ಮತದ ಪ್ರೇರಣೆಯಿಂದಲೇ. ತರುಣರ ಮನಸ್ಸಿಗೆ ಹಿಡಿಸುವಂತೆ ಪೇಟೆಗಳನ್ನು ಸಿಂಗರಿಸುವುದು ಅದರ ಗುರಿ. ೨೦೦೦ದಿಂದ ೨೦೧೦ರ ನಡುವೆ ಡೆಟ್ರಾಯಿಟ್ ತನ್ನ ಜನರಲ್ಲಿ ನಾಲ್ವರಲ್ಲಿ ಒಬ್ಬನನ್ನು ಕಳೆದುಕೊಂಡಿತು. ಇದಕ್ಕೆ ಆ ಯೋಜನೆಯೇ ಕಾರಣವೆನ್ನುವುದು ಅನ್ಯಾಯವಾದೀತು. ಮೋಟಾರು ಉದ್ಯಮದ ಕುಸಿತ, ೨೦೦೮ರ ಸಾಲದ ಬಿಕ್ಕಟ್ಟು ಇವು ಮಹಾಕಾರಣಗಳು. ಆದರೆ ಮನೆ ಸೋರುವಾಗ ಬಾಗಿಲಿಗೆ ತೋರಣ ಕಟ್ಟಿದರೆ ಸೋರುವುದು ನಿಲ್ಲದು ಎಂಬಷ್ಟು ಹೇಳಬಹುದು. ೨೦೧೧ರಲ್ಲಿ ಕೆಲವು ದೊಡ್ಡ ಸಂಸ್ಥೆಗಳು ಕೂಡಿ, ನಗರದ ಮಧ್ಯಭಾಗದಲ್ಲಿ ಮನೆ ಕೊಳ್ಳುವ ತಮ್ಮ ನೌಕರರಿಗೆ, ಅಲ್ಲಿಯೇ ನೆಲೆಸಿದರೆ ಮನ್ನಾ ಆಗುವ ೨೦,೦೦೦ ಡಾಲರುಗಳವರೆಗಿನ ಸಾಲವನ್ನು ನೀಡತೊಡಗಿದವು. ಮಧ್ಯಭಾಗ ಚೇತರಿಸಿತು, ಅದನ್ನು ಮೆಚ್ಚಬೇಕು. ಆದರೆ ಆ ಕೆಲವು ಚದರ ಮೈಲಿಗಳ ಆಚೆ, ನಲವತ್ತು ವರ್ಷ ಊರನ್ನು ಬಿಡದೆ ಕಂದಾಯ ಕಟ್ಟಿದವನಿಗೆ ಮಾಡು ಸರಿಪಡಿಸಲು ಸಾಲ ಸಿಗುವುದು ದುಸ್ತರವಾಗಿತ್ತು.

ಫ್ಲಾರಿಡಾ ಅವರ ಮತದ ದೌರ್ಬಲ್ಯ ಇಲ್ಲಿದೆ. ಸುಲಭವಾಗಿ ಬರುವವನು ಸುಲಭವಾಗಿ ಹೋಗಲೂ ಬಲ್ಲನು. ಸೊಗಸಿಗಾಗಿ ಬಂದವನು ಇನ್ನೂ ಸೊಗಸಾದ ಊರು ಕಂಡಾಗ ಅಲ್ಲಿಗೆ ನಡೆಯುತ್ತಾನೆ. ಅವನು ನಿವಾಸಿ, ಇನ್ನೂ ಒಕ್ಕಲಲ್ಲ. ಫ್ಲಾರಿಡಾ ಅವರು ಸ್ವತಃ ೨೦೧೭ರ 'ದಿ ನ್ಯೂ ಅರ್ಬನ್ ಕ್ರೈಸಿಸ್' ಎಂಬ ಗ್ರಂಥದಲ್ಲಿ, ಪ್ರತಿಭಾವಂತರು ಒಟ್ಟುಗೂಡಿದ ನಗರಗಳಲ್ಲಿಯೇ ಅಸಮಾನತೆ ತೀವ್ರವಾಗಿರುವುದನ್ನು ಚರ್ಚಿಸಿದ್ದಾರೆ. ತನ್ನ ಮತದ ಪರಿಣಾಮವನ್ನು ತಾನೇ ಪರಿಶೀಲಿಸುವ ವಿದ್ವಾಂಸನ ಪ್ರಾಮಾಣಿಕತೆ ಗೌರವಾರ್ಹ. ಆದರೆ ಹದಿನೈದು ವರ್ಷಗಳ ಹಿಂದೆ ಆ ಮತವನ್ನು ಕೊಂಡ ನಗರಸಭೆಗಳು ಎರಡನೆಯ ಪುಸ್ತಕವನ್ನು ಅಷ್ಟೇ ಶ್ರದ್ಧೆಯಿಂದ ಓದುತ್ತವೆಯೇ ಎಂಬುದು ಸಂಶಯಾಸ್ಪದ.

೫

ಈ ಎರಡು ಮತಗಳಲ್ಲಿಯೂ ಸಾಕಷ್ಟು ಲಕ್ಷ್ಯ ಪಡೆಯದ ಒಂದು ವಿಷಯ ಸಾಲದ ವ್ಯವಸ್ಥೆ. ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ ಡೆಟ್ರಾಯಿಟಿನ ಚರಿತ್ರೆಯ ಈ ಅಧ್ಯಾಯ ಉಳಿದೆಲ್ಲಕ್ಕಿಂತ ಹೆಚ್ಚು ಬೋಧಪ್ರದವಾಗಿ ತೋರುತ್ತದೆ.

ಅಮೇರಿಕೆಯ ಸಂಯುಕ್ತ ಸರ್ಕಾರ ೧೯೩೩ರಲ್ಲಿ ಮನೆಮಾಲಿಕರ ಸಾಲದ ನಿಗಮವೊಂದನ್ನು ಸ್ಥಾಪಿಸಿತು. ಆ ನಿಗಮ ನಗರಗಳ ನಕಾಶೆಗಳನ್ನು ಮಾಡಿಸಿ ಕೇರಿಕೇರಿಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ಬಣ್ಣಗಳನ್ನು ಕೊಟ್ಟಿತು. ಕೆಂಪೆಂದರೆ ಸಾಲಕ್ಕೆ ಅಪಾಯದ ಸ್ಥಳ. ಕರಿಯರು ಬಾಳುವ ಕೇರಿಗಳು ಬಹುಮಟ್ಟಿಗೆ ಕೆಂಪಾದವು. ೧೯೩೪ರಲ್ಲಿ ಬಂದ ಸಂಯುಕ್ತ ವಸತಿ ಆಡಳಿತವೂ ಸಾಲಗಳಿಗೆ ವಿಮೆ ಕೊಡುವಾಗ ಇದೇ ಬಗೆಯ ಭೇದವನ್ನು ಅನುಸರಿಸಿತು. ೧೯೪೧ರಲ್ಲಿ ಡೆಟ್ರಾಯಿಟಿನ ಎಂಟನೆಯ ಮೈಲಿಯ ಸಮೀಪದಲ್ಲಿ ಒಬ್ಬ ಗೃಹನಿರ್ಮಾಪಕ, ತನ್ನ ಬಿಳಿಯ ಗಿರಾಕಿಗಳ ಮನೆಗಳಿಗೆ ಸಾಲದ ವಿಮೆ ದೊರಕಿಸುವುದಕ್ಕಾಗಿ, ಪಕ್ಕದ ಕರಿಯರ ಕೇರಿಗೂ ತನ್ನ ಬಡಾವಣೆಗೂ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆಯನ್ನೇ ಕಟ್ಟಿಸಿದ. ಆ ಗೋಡೆ ಇಂದಿಗೂ ನಿಂತಿದೆ. ಸಾಲದ ಅರ್ಜಿಗೆ ಲಗತ್ತಿಸಿದ ಕಾಗದವೊಂದು ಕಾಂಕ್ರೀಟಿನ ರೂಪ ತಾಳಿ ನಿಂತ ಉದಾಹರಣೆ ಇದು. ೧೯೬೮ರ ಶಾಸನ ಈ ಭೇದವನ್ನು ನಿಷೇಧಿಸಿತು. ಆದರೆ ಮೂವತ್ತು ವರ್ಷ ಸಾಲ ಕಾಣದ ಕೇರಿ ಶಾಸನದ ಮರುದಿನ ಚಿಗುರುವುದಿಲ್ಲ.

ಇದರ ಮುಂದಿನ ಅವಸ್ಥೆ ಇನ್ನೂ ಸೂಕ್ಷ್ಮವಾದದ್ದು. ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಹಳೆಯ ಮನೆಯ ಕ್ರಯ ೪೦,೦೦೦ ಡಾಲರು. ಅದನ್ನು ವಾಸಯೋಗ್ಯವಾಗಿ ಮಾಡಲು ೬೦,೦೦೦ ಡಾಲರು ಬೇಕು. ಹೀಗೆ ಒಂದು ಲಕ್ಷ ಸುರಿದ ಮೇಲೂ ನೆರೆಯ ಮನೆಗಳ ಕ್ರಯವನ್ನು ನೋಡಿ ಅದರ ಬೆಲೆಯನ್ನು ೭೦,೦೦೦ ಎಂದು ಕಟ್ಟುತ್ತಾರೆ. ಈಡಿನ ಬೆಲೆಗಿಂತ ಹೆಚ್ಚು ಸಾಲ ಕೊಡಲು ಬ್ಯಾಂಕಿನವನು ಒಪ್ಪನು; ಅವನ ನಿಯಮದ ಪ್ರಕಾರ ಅವನದು ತಪ್ಪೂ ಅಲ್ಲ. ಹೀಗಾಗಿ ಮನೆ ದುರಸ್ತಿಯಾಗುವುದಿಲ್ಲ; ದುರಸ್ತಿಯಾಗದ್ದರಿಂದ ನೆರೆಯ ಮನೆಯ ಬೆಲೆಯೂ ಏರುವುದಿಲ್ಲ. ಒಬ್ಬೊಬ್ಬನೂ ವಿವೇಕದಿಂದ ನಡೆದು ಎಲ್ಲರೂ ಕೂಡಿ ಊರನ್ನು ಕೆಡಿಸುವ ವಿಚಿತ್ರ ಇದು. ೨೦೧೬ರಲ್ಲಿ ಕೆಲವು ಬ್ಯಾಂಕುಗಳೂ ದತ್ತಿಸಂಸ್ಥೆಗಳೂ ಸೇರಿ, ಈ ಅಂತರವನ್ನು ತುಂಬುವ ಎರಡನೆಯ ಸಾಲವೊಂದನ್ನು ಡೆಟ್ರಾಯಿಟಿನಲ್ಲಿ ಪ್ರಾರಂಭಿಸಿದವು. ಗೋಪುರಗಳಿಗಿಂತ ಇದು ಸಣ್ಣ ಯೋಜನೆ. ಆದರೆ ರೋಗದ ಮೂಲಕ್ಕೆ ಹೆಚ್ಚು ಹತ್ತಿರವಾದದ್ದು.

ಇದೇ ಹೊತ್ತಿನಲ್ಲಿ ನಗರಸಭೆ ಏನು ಮಾಡುತ್ತಿತ್ತು? ಬೆಲೆ ಕುಸಿದ ಮನೆಗಳ ಮೇಲೆ ಹಳೆಯ ಬೆಲೆಯ ಪ್ರಕಾರ ಕಂದಾಯ ಹಾಕುತ್ತಿತ್ತು. ಮನೆಯ ತೆರಿಗೆಬೆಲೆ ಮಾರುಕಟ್ಟೆಯ ಬೆಲೆಯ ಅರ್ಧವನ್ನು ಮೀರಕೂಡದೆಂದು ಮಿಷಿಗನ್ ರಾಜ್ಯದ ಸಂವಿಧಾನವೇ ವಿಧಿಸಿದ್ದರೂ ಡೆಟ್ರಾಯಿಟಿನಲ್ಲಿ ಅಸಂಖ್ಯ ಮನೆಗಳ ವಿಷಯದಲ್ಲಿ ಅದು ಮೀರಿತ್ತೆಂದು ನ್ಯಾಯಶಾಸ್ತ್ರಜ್ಞೆ ಬರ್ನಡೆಟ್ ಅಟುವಾಹೆನೆ ಅವರ ಸಂಶೋಧನೆ ತೋರಿಸಿದೆ. ೨೦೧೧ರಿಂದ ೨೦೧೫ರವರೆಗಿನ ಅವಧಿಯಲ್ಲಿ ನಗರದ ನಾಲ್ಕರಲ್ಲಿ ಒಂದು ಆಸ್ತಿ ಕಂದಾಯದ ಬಾಕಿಗಾಗಿ ಜಪ್ತಿಗೆ ಗುರಿಯಾಯಿತು. ಒಂದು ಕೈಯಿಂದ ಹೊಸಬರಿಗೆ ವೀಳ್ಯ ಹಿಡಿದು, ಇನ್ನೊಂದು ಕೈಯಿಂದ ಹಳಬರ ಮನೆಯನ್ನು ಹರಾಜಿಗೆ ಎತ್ತಿದಂತಾಯಿತು. ಹೀಗೆ ಖಾಲಿಯಾದ ಮನೆಗಳು ಮತ್ತೆ ನೆರೆಯವರ ಬೆಲೆಯನ್ನು ಇಳಿಸಿದವು. ಬಂದವರೆಷ್ಟು ಎಂದು ಎಣಿಸುವ ಮೊದಲು ಹೊರಡಿಸಿದವರೆಷ್ಟು ಎಂದು ಎಣಿಸಬೇಕೆಂಬ ಪಾಠ ಇಲ್ಲಿದೆ.

೬

ಈ ಎಲ್ಲ ಮತಗಳಿಗಿಂತ ಹಿಂದಿನದಾಗಿದ್ದೂ ಈ ಪ್ರಶ್ನೆಯನ್ನು ಸರಿಯಾದ ದಿಕ್ಕಿನಿಂದ ನೋಡಿದವರು ಜೇನ್ ಜೇಕಬ್ಸ್. ೧೯೬೧ರ 'ದಿ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್' ಎಂಬ ಅವರ ಗ್ರಂಥವನ್ನು ಸಾಮಾನ್ಯವಾಗಿ ಬೀದಿಬದಿಯ ಜೀವನದ ವರ್ಣನೆಗಾಗಿ ಹೊಗಳುತ್ತಾರೆ. ಅದರ ಉತ್ತರಾರ್ಧದ ಎರಡು ಅಧ್ಯಾಯಗಳಿಗೆ ತಕ್ಕಷ್ಟು ಗಮನ ದೊರೆತಿಲ್ಲ.

ಒಂದರಲ್ಲಿ ಅವರು ಕೊಳೆಗೇರಿ ತಾನಾಗಿ ಮೇಲೇಳುವ ಬಗೆಯನ್ನು ವಿವರಿಸುತ್ತಾರೆ. ಕೇರಿ ಹಾಳಾಗುವುದು ಬಡವರು ಬಂದದ್ದರಿಂದಲ್ಲ. ಸ್ವಲ್ಪ ಅನುಕೂಲವಾದೊಡನೆ ಜನ ಬಿಟ್ಟುಹೋಗುವುದರಿಂದ. ಅನುಕೂಲವಾದ ಮೇಲೂ, ಹೋಗಬಲ್ಲವರಾಗಿದ್ದೂ, ಇಷ್ಟಪಟ್ಟು ಉಳಿಯುವ ಮನೆಗಳು ಕೆಲವಾದರೂ ಆದಾಗ ಕೇರಿ ತಿರುಗುತ್ತದೆ. ನಗರಕ್ಕೆ ಒಕ್ಕಲು ಸೆಳೆಯುವ ಪ್ರಶ್ನೆ ಹೀಗೆ ಅವರಲ್ಲಿ ಒಕ್ಕಲನ್ನು ಉಳಿಸಿಕೊಳ್ಳುವ ಪ್ರಶ್ನೆಯಾಗಿ ಮಾರ್ಪಡುತ್ತದೆ. ಮತ್ತೊಂದು ಅಧ್ಯಾಯದಲ್ಲಿ ಅವರು ಹಣದ ಎರಡು ಸ್ವಭಾವಗಳನ್ನು ಬೇರ್ಪಡಿಸುತ್ತಾರೆ. ಕಾಲುವೆಯ ನೀರಿನಂತೆ ಮೆಲ್ಲಮೆಲ್ಲನೆ ಹರಿದು ಬೆಳೆಯನ್ನು ಸಾಕುವ ಹಣ ಒಂದು. ಬರಗಾಲದ ಮೇಲೆ ಒಮ್ಮೆಲೇ ನುಗ್ಗಿ ಮಣ್ಣನ್ನೇ ಕೊಚ್ಚಿಕೊಂಡು ಹೋಗುವ ಹಣ ಇನ್ನೊಂದು. ಡೆಟ್ರಾಯಿಟಿನ ಕೆಂಪು ಕೇರಿಗಳು ಕಂಡದ್ದು ಬರವನ್ನು. ಪೋಲ್‌ಟೌನ್ ಕಂಡದ್ದು ನೆರೆಯನ್ನು. ಕಾಲುವೆಯನ್ನು ಎರಡೂ ಕಾಣಲಿಲ್ಲ.

ಜೇಕಬ್ಸ್ ಅವರ ಮತದಲ್ಲಿಯೂ ಕೊರತೆ ಇಲ್ಲವೆನ್ನಲಾಗದು. ಅವರ ದೃಷ್ಟಾಂತಗಳು ಬಹುಮಟ್ಟಿಗೆ ನ್ಯೂಯಾರ್ಕ್, ಬಾಸ್ಟನ್ ಮೊದಲಾದ ನಗರಗಳ ಕಿಕ್ಕಿರಿದ ಕೇರಿಗಳವು. ಕೆಲಸವೇ ಮಾಯವಾದ ಊರಿನಲ್ಲಿ ಇಷ್ಟಪಟ್ಟು ಉಳಿಯುವವನು ಏನನ್ನು ತಿಂದು ಉಳಿಯಬೇಕು ಎಂಬುದಕ್ಕೆ ಆ ಗ್ರಂಥದಲ್ಲಿ ಪೂರ್ಣವಾದ ಉತ್ತರವಿಲ್ಲ. ಅದನ್ನು ಅವರು ೧೯೬೯ರ 'ದಿ ಎಕಾನಮಿ ಆಫ್ ಸಿಟೀಸ್' ಎಂಬ ಗ್ರಂಥದಲ್ಲಿ ಅರಸಿದರು. ಅಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳನ್ನು ಹೋಲಿಸಿ, ಒಂದೇ ದೊಡ್ಡ ಕಸುಬನ್ನು ನೆಚ್ಚಿದ ದಕ್ಷ ನಗರಕ್ಕಿಂತ ನೂರಾರು ಸಣ್ಣ ಕಸುಬುಗಳ ಅಸ್ತವ್ಯಸ್ತ ನಗರವೇ ದೀರ್ಘಾಯುವೆಂದು ವಾದಿಸಿದರು. ಡೆಟ್ರಾಯಿಟಿನ ಪತನವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಸೂತ್ರ ದುರ್ಲಭ.

ಜೇಕಬ್ಸ್ ಅವರ ಮಾತಿಗೆ ಡೆಟ್ರಾಯಿಟಿನ ಒಡಲಲ್ಲಿಯೇ ಒಂದು ಸಾಕ್ಷಿ ಇದೆ. ಆ ನಗರದಿಂದ ಬಹುಪಾಲು ಸುತ್ತುವರಿಯಲ್ಪಟ್ಟ, ಆದರೆ ಪ್ರತ್ಯೇಕ ನಗರಸಭೆಯುಳ್ಳ ಹ್ಯಾಮ್‌ಟ್ರಾಮ್ಯಾಕ್ ಎಂಬ ಸಣ್ಣ ಪಟ್ಟಣವಿದೆ. ಹಿಂದೆ ಪೋಲೆಂಡಿನ ವಲಸೆಗಾರರ ನೆಲೆ. ಈಚೆಗೆ ಬಾಂಗ್ಲಾದೇಶ, ಯೆಮೆನ್ ದೇಶಗಳವರ ನೆಲೆ. ಸುತ್ತಲಿನ ಡೆಟ್ರಾಯಿಟ್ ಇಳಿಯುತ್ತಿದ್ದ ೨೦೧೦ರಿಂದ ೨೦೨೦ರ ದಶಕದಲ್ಲಿ ಇದರ ಜನಸಂಖ್ಯೆ ೨೨,೪೨೩ರಿಂದ ೨೮,೪೩೩ಕ್ಕೆ ಏರಿತು. ಇವರಾರೂ ಗೋಪುರವನ್ನು ಕಂಡು ಬಂದವರಲ್ಲ. ಮೊದಲು ಬಂದವನು ಅಗ್ಗದ ಮನೆಯೊಂದನ್ನು ಕೊಂಡ, ತಮ್ಮನನ್ನು ಕರೆಸಿದ, ತಮ್ಮನ ಬೀಗರು ಬಂದರು, ಅಂಗಡಿ ತೆರೆಯಿತು, ಮಸೀದಿ ಬಂತು. ಗ್ಲೇಸರ್ ಅವರು ದುರ್ಗತಿಯ ಲಕ್ಷಣವೆಂದು ಕಂಡ ಅಗ್ಗದ ಮನೆಯೇ ಇಲ್ಲಿ ಬೀಜಧನವಾಯಿತು. ಮನೆ ಎರಡು ಕಡೆಯೂ ಅಗ್ಗವೇ. ಇಲ್ಲಿ ಹೆಚ್ಚಾಗಿ ಇದ್ದದ್ದು, ಮೊದಲೇ ಬಂದು ಉಳಿದಿದ್ದ ಒಬ್ಬ ಬಂಧು.

ಈ ಕ್ರಮವನ್ನು ಹೊರನಾಡ ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ದಕ್ಷಿಣ ಕನ್ನಡದ ಹುಡುಗನನ್ನು ಮುಂಬಯಿಗೆ ಕರೆತಂದದ್ದು ಯಾವ ಸರ್ಕಾರದ ಪ್ರಕಟಣೆಯೂ ಅಲ್ಲ. ಮೊದಲೇ ಬಂದ ಮಾವನೋ ಊರಿನವನೋ ಹೋಟೆಲಿನಲ್ಲಿ ಕೆಲಸ ಕೊಡಿಸಿದ. ಮಲಗಲು ಅಲ್ಲಿಯೇ ಜಾಗವಾಯಿತು. ರಾತ್ರಿ ಕನ್ನಡ ಶಾಲೆ ಅಕ್ಷರ ಕಲಿಸಿತು. ಸಂಘಗಳು ಆಸರೆ ಕೊಟ್ಟವು. ಕೆಲಸ, ಸೂರು, ವಿದ್ಯೆ, ನೆಂಟ ಈ ನಾಲ್ಕೂ ಕೂಡಿದಾಗ ಹುಡುಗ ಒಕ್ಕಲಾದ. ಒಂದು ತಪ್ಪಿದ್ದರೂ ಅವನು ಮುಂದಿನ ಹಡಗಿಗೆ ಊರಿಗೆ ಮರಳುತ್ತಿದ್ದ.

೭

ಕೊನೆಯಲ್ಲಿ, ಮೈಸೂರಿಗೆ ಸಂಬಂಧಿಸಿದ ಒಂದು ಪ್ರಾಚೀನ ಪ್ರಮಾಣವನ್ನು ಇಲ್ಲಿ ಸ್ಮರಿಸುವುದು ಉಚಿತ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಪತ್ತೆಹಚ್ಚಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣ ಜನಪದನಿವೇಶದಿಂದಲೇ ಆರಂಭವಾಗುತ್ತದೆ. ಅದು ಗ್ರಾಮಗಳ ಮಾತು, ನಗರದ ಮಾತಲ್ಲ. ಅದನ್ನು ಇಂದಿನ ನಗರಕ್ಕೆ ನೇರವಾಗಿ ಅನ್ವಯಿಸುವುದು ಸಲ್ಲದು. ಆದರೂ ಅದರ ವ್ಯಾವಹಾರಿಕ ವಿವೇಕ ಆಶ್ಚರ್ಯ ತರುವಂಥದು. ಹಿಂದೆ ಇದ್ದು ಹಾಳಾದ ನೆಲೆಯನ್ನೂ ಹೊಸ ನೆಲೆಯನ್ನೂ ಅವನು ಒಂದೇ ಉಸಿರಿನಲ್ಲಿ ಎತ್ತಿಕೊಳ್ಳುತ್ತಾನೆ. ಬಂದವರಿಗೆ ಧಾನ್ಯ, ದನ, ಹಣ ಕೊಡಬೇಕು. ಅವರು ಅದನ್ನು ತಮಗೆ ಅನುಕೂಲವಾದಂತೆ ತೀರಿಸಲಿ ಎನ್ನುತ್ತಾನೆ. ತೆರಿಗೆಯ ರಿಯಾಯಿತಿ ಬೊಕ್ಕಸವನ್ನು ಬೆಳೆಸುವಂತಿರಬೇಕೇ ಹೊರತು ಬರಿದುಮಾಡುವಂತಿರಬಾರದು. ಬೊಕ್ಕಸ ಬರಿದಾದ ಅರಸ ಪ್ರಜೆಗಳನ್ನೇ ನುಂಗುತ್ತಾನೆಂದು ಎಚ್ಚರಿಸುತ್ತಾನೆ. ಡೆಟ್ರಾಯಿಟಿನ ಕಂದಾಯದ ಜಪ್ತಿಗಳಿಗೆ ಇದಕ್ಕಿಂತ ಹತ್ತಿರವಾದ ಭಾಷ್ಯ ಬೇಕಿಲ್ಲ. ಇನ್ನೂ ಗಮನಾರ್ಹವಾದದ್ದು, ರಿಯಾಯಿತಿಯ ಅವಧಿ ಮುಗಿದವರನ್ನು ಅರಸನು ತಂದೆಯಂತೆ ಅನುಗ್ರಹಿಸಬೇಕೆಂಬ ವಿಧಿ. ರಿಯಾಯಿತಿ ಮುಗಿದ ಮೇಲೂ ಇರುವವನು ಯಾರು? ಉಳಿದವನೇ. ಇಂದಿನ ಯೋಜನೆಗಳೆಲ್ಲ ಮರೆತದ್ದು ಇವನನ್ನು.

ಕೋಲಾರದ ಚಿನ್ನದ ಗಣಿಯ ಪಟ್ಟಣವೂ ನಮ್ಮ ಕಣ್ಣೆದುರಿಗಿದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಪಡೆದ ಊರು ಅದು. ೨೦೦೧ರ ಫ಼ೆಬ್ರವರಿ ೨೮ರಂದು ಗಣಿ ಮುಚ್ಚಿತು. ಒಂದೇ ಕಸುಬನ್ನು ನೆಚ್ಚಿದ ಊರಿನ ಪಾಡು ಏನೆಂಬುದಕ್ಕೆ ನಾವು ಅಮೇರಿಕೆಯವರೆಗೆ ಹೋಗಬೇಕಾಗಿಯೂ ಇಲ್ಲ. ಆದರೆ ಆ ಊರು ಡೆಟ್ರಾಯಿಟಿನಂತೆ ಬರಿದಾಗಲಿಲ್ಲ. ಸಾವಿರಾರು ಮಂದಿ ದಿನದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಹೋಗಿ ರಾತ್ರಿ ಮನೆಗೆ ಮರಳುತ್ತ ಬಂದರು. ದುಡಿಮೆ ಹೋದ ಮೇಲೂ ಒಕ್ಕಲು ಉಳಿಯಿತು. ಅಂಥ ಊರಿಗೆ ಯಾರಾದರೂ ಹೊಸ ಜನರನ್ನು ತರುವ ಯೋಜನೆಯನ್ನು ಹಿಡಿದು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಉಳಿದವನಿಗೆ ಅವನ ಮನೆಯ ಹಕ್ಕು ನಿಶ್ಚಿತವಾಗಿದೆಯೇ? ಆ ಮನೆಯ ಮೇಲೆ ನ್ಯಾಯವಾದ ಸಾಲ ಸಿಗುತ್ತದೆಯೇ? ಅವನ ಮಗ ಇಲ್ಲಿಯೇ ಇರುತ್ತೇನೆಂದರೆ ಅವನಿಗೆ ಒಂದಲ್ಲ, ಹತ್ತು ಬಗೆಯ ಕೆಲಸಗಳಲ್ಲಿ ಆಯ್ಕೆ ಇದೆಯೇ?

ಡೆಟ್ರಾಯಿಟಿನ ಜನಸಂಖ್ಯೆ ೧೯೫೭ರ ತರುವಾಯ ಮೊದಲ ಬಾರಿಗೆ ಏರಿತೆಂದು ೨೦೨೩ರ ಸರ್ಕಾರಿ ಅಂದಾಜು ಹೇಳಿತು. ಏರಿಕೆ ಸ್ವಲ್ಪದ್ದೇ, ಆದರೂ ಸಂತೋಷದ ಸಂಗತಿ. ಬಂದವರು ನಿವಾಸಿಗಳೋ ಒಕ್ಕಲೋ ಎಂಬುದನ್ನು ಒಂದು ಅಂದಾಜು ಹೇಳಲಾರದು. ಅದನ್ನು ಹೇಳಬೇಕಾದದ್ದು ಕಾಲ. ಹೊಸಬನಿಗೆ ಊರಿನ ಮೇಲೆ ನಂಬಿಕೆ ಹುಟ್ಟುವುದು ಪ್ರಕಟಣೆಯನ್ನು ಓದಿ ಅಲ್ಲ, ಹಳಬನ ಮುಖವನ್ನು ನೋಡಿ. ಆ ಮುಖದಲ್ಲಿ ಹೊರಡುವ ಆತುರ ಕಂಡರೆ ಯಾವ ರಿಯಾಯಿತಿಯೂ ಅವನನ್ನು ನಿಲ್ಲಿಸಲಾರದು. ನೆಮ್ಮದಿ ಕಂಡರೆ ರಿಯಾಯಿತಿಯ ಅಗತ್ಯವೂ ಅಷ್ಟಾಗಿ ಬೀಳದು.